ಬಣ್ಣದವನ ಮನೆಯ ಗೋಡೆ

ಮಹಡಿಯ ಮೇಲಿದ್ದ ಓನರ್ ಮನೆಯ ಬಚ್ಚಲ ನೀರು ಎಂಟು ತಿಂಗಳಿಂದ ನಮ್ಮ ಮಲಗುವ ಕೋಣೆಯ ಗೋಡೆಯೊಳಗೆ ಇಳಿಯುತ್ತಿತ್ತು. ಗೋಡೆಗೆ ಕಪ್ಪು ಬೂಷ್ಟು, ನಾಲ್ಕು ವರ್ಷದ ಮಗಳಿಗೆ ಉಬ್ಬಸ. "ಮೊದಲು ಆ ಗೋಡೆ ಒಣಗಿಸಿ, ಆಮೇಲೆ ನನ್ನ ಔಷಧಿ," ಎಂದಿದ್ದರು ಡಾಕ್ಟರು. ಪೈಪ್ ಸರಿಮಾಡಿಸಿ ಎಂದು ಆ ಮೆಟ್ಟಿಲು ಹತ್ತಿ ಇಳಿದೇ ನನ್ನ ಚಪ್ಪಲಿ ಸವೆದವು. ಓನರ್‌ದು ಒಂದೇ ಮಾತು, "ನೋಡೋಣ." ಕೊನೆಗೆ ನನ್ನ ಕಾಟ ತಾಳಲಾರದೆ, ಭಾನುವಾರ ಬಂದು ಕಣ್ಣಾರೆ ನೋಡುತ್ತೇನೆ ಎಂದರು.

ಶನಿವಾರ ಮಗಳನ್ನು ಆಸ್ಪತ್ರೆಯಲ್ಲಿ ತೋರಿಸಿಕೊಂಡು ಬಂದರೆ, ಗೋಡೆ ಹಾಲಿನಷ್ಟು ಬೆಳ್ಳಗಿತ್ತು. ನನ್ನ ಗಂಡ ಊರವರ ಮನೆಗೆಲ್ಲ ಬಣ್ಣ ಹೊಡೆಯುವವರು. ಬೂಷ್ಟು ಕೆರೆದು, ಉಜ್ಜಿ, ಎರಡು ಕೋಟ್ ಹೊಡೆದು ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು.

"ಏನ್ರೀ ಮಾಡಿದ್ರಿ? ನಾಳೆ ಅವರಿಗೆ ನಾನೇನು ತೋರಿಸ್ಲಿ?"

"ಬಣ್ಣದವನ ಮನೆ ಗೋಡೆ ಹಿಂಗಿದೆ ಅಂತ ಆಡ್ಕೊಳ್ಳಲ್ವೇನೇ? ನನಗೂ ಮಾನ ಮರ್ಯಾದೆ ಇದೆ."

ಆ ಮಾನಕ್ಕೆ ಬೆಂಕಿ ಬೀಳಲಿ ಎಂದುಕೊಂಡೆ.

ಮರುದಿನ ಓನರ್ ಬಂದು ಗೋಡೆ ಸವರಿದರು. "ಇದಕ್ಕಾ ಎಂಟು ತಿಂಗಳು ಬಾಯಿ ಬಡ್ಕೊಂಡಿದ್ದು? ಎಲ್ಲಮ್ಮಾ ನೀರು?" ಒಳಗಿದೆ ಎಂದೆ. ಅಷ್ಟರಲ್ಲಿ ಬಣ್ಣದ ವಾಸನೆಗೆ ಮಗಳಿಗೆ ಕೆಮ್ಮು ಒತ್ತರಿಸಿಕೊಂಡು ಬಂತು. ಅವರು ಮೂಗಿಗೆ ಕರ್ಚೀಫ್ ಹಿಡಿದು ಹಿಂದೆ ಸರಿದರು.

"ಮೇಲೆ ನನ್ನ ಮೊಮ್ಮಕ್ಕಳಿದ್ದಾರೆ. ಈ ರೋಗ ಇಟ್ಕೊಂಡು ಇಲ್ಲಿರ್ಬೇಡಿ, ತಿಂಗಳ ಕೊನೆಗೆ ಖಾಲಿ ಮಾಡಿ. ಹೇಗೂ ಮನೆ ಲಕಲಕ ಅಂತಿದೆ, ಬೇರೆಯವರು ಬರ್ತಾರೆ."

ಬಂದೇ ಬಂದರು. ಮಂಗಳವಾರ ಓನರ್ ಹಿಂದೆ ಕೈಗೂಸನ್ನು ಎತ್ತಿಕೊಂಡು ಒಬ್ಬ ಹುಡುಗಿ. ತೊಟ್ಟಿಲು ಆ ಗೋಡೆಯ ಪಕ್ಕವೇ ಇಡಬಹುದು ಎಂದಳು. ನನಗೆ ತಡೆಯಲಾಗಲಿಲ್ಲ.

"ಬೇಡ ತಂಗಿ, ಆ ಗೋಡೆ ಒಳಗೆಲ್ಲ ನೀರು. ನನ್ನ ಮಗು ನೋಡು."

ಓನರ್ ನಕ್ಕರು. "ಖಾಲಿ ಮಾಡೋ ಹೊಟ್ಟೆಯುರಿ ಅದು. ಬಣ್ಣ ಹೊಡೆದವನು ಇಲ್ಲೇ ಇದ್ದಾನಲ್ಲ, ಅವನನ್ನೇ ಕೇಳಮ್ಮ."

"ನೀರಿದ್ಯಾ ಅಣ್ಣ?"

ಇವರು ಗೋಡೆಯನ್ನು ನೋಡಿದರು. ನನ್ನ ಕಡೆ ತಿರುಗಲಿಲ್ಲ. "ನಾನು ಕೈ ಇಟ್ಟ ಗೋಡೆ ಇಪ್ಪತ್ತು ವರ್ಷದಲ್ಲಿ ಒಂದೂ ಕೆಟ್ಟಿಲ್ಲಮ್ಮ," ಎಂದರು.

ಆ ಕ್ಷಣ ಓನರ್‌ಗಿಂತ ನನ್ನ ಗಂಡನ ಮೇಲೆಯೇ ನನಗೆ ಹೇಸಿಗೆ ಹುಟ್ಟಿತು. ಹುಡುಗಿ ಕೂಸನ್ನು ಹೆಗಲಿಗೆ ಹಾಕಿಕೊಂಡು, ತೊಟ್ಟಿಲು ಹಿಡಿಸುತ್ತದೆಯೇ ಎಂದು ಗೋಡೆಗೆ ಗೇಣು ಹಾಕತೊಡಗಿದಳು.