ತಿಳಿನೀರಿನ ದಿನ

ತಪಾಸಣೆಗೆ ಜನ ಬರುತ್ತಾರೆಂದರೆ ಮಲಯಾಳ ಸೀಮೆಯ ಕಲ್ಲೂರಿನ ಬಳಿಯ ಆ ಕಲ್ಲು ಕ್ವಾರಿಯಲ್ಲಿ ಎಲ್ಲರ ಎದೆಯೂ ಢವಢವ. ಮ್ಯಾನೇಜರ್ ರಾಘವನ್ ಅಂತೂ ಹಿಂದಿನ ದಿನದಿಂದಲೇ ಕಂಡಕಂಡವರ ಮೇಲೆ ಎಗರಾಡುತ್ತಿದ್ದ. ಕರಿಯನ್ ಒಬ್ಬ ಮಾತ್ರ ಹಬ್ಬಕ್ಕೆ ಕಾಯುವ ಮಕ್ಕಳ ಹಾಗೆ ಆ ದಿನಕ್ಕೆ ಕಾಯುತ್ತಿದ್ದ. ತಲೆ ಕೆಟ್ಟಿತ್ತೆಂದಲ್ಲ, ಕಾರಣವಿತ್ತು. ಆ ಕಾರಣದ ಹೆಸರು ಚಾತಿ, ಅವನ ಹೆಂಡತಿ.

ಕ್ವಾರಿಯ ಕೆಸರುಕೊಳಗಳನ್ನು ಕಾಯುವುದು ಕರಿಯನ ಕೆಲಸ. ಜಲ್ಲಿ ತೊಳೆದ ನೀರು ಮೊದಲ ಕೊಳಕ್ಕೆ ಬಿದ್ದು, ಎರಡನೆಯದರಲ್ಲಿ ತಂಗಿ, ಮೂರನೆಯದರಲ್ಲಿ ತಿಳಿಯಾಗಿ, ಆಮೇಲೆ ಕೆಳಗಿನ ಹಳ್ಳಕ್ಕೆ, ಅಲ್ಲಿನವರ ಮಾತಲ್ಲಿ ತೋಡಿಗೆ, ಹರಿಯಬೇಕೆಂಬುದು ಕಾನೂನು. ಆದರೆ ಕೊಳದ ಕೆಸರು ಎತ್ತಿಸಲು ಕ್ವಾರಿಯ ಒಡೆಯ ಮೊದಲಾಳಿಗೆ ಮನಸ್ಸು ಬರಬೇಕಲ್ಲ! ಲಂಟಾನದ ಪೊದೆಯಡಿ ಒಂದು ಪೈಪು ಹೂಳಿಸಿಟ್ಟಿದ್ದ. ವರ್ಷವಿಡೀ ಬೂದುನೀರು ಕೊಳದ ಮುಖವನ್ನೂ ನೋಡದೆ ನೇರ ತೋಡಿಗೆ ಬೀಳುತ್ತಿತ್ತು. ಅಧಿಕಾರಿಗಳು ಬರುವ ಸುದ್ದಿ ಸಿಕ್ಕಾಗ ಮಾತ್ರ ಪೈಪಿನ ಬಾಯಿ ಮುಚ್ಚಿ, ಕೆಸರು ಎತ್ತಿ, ನೀರನ್ನು ಕೊಳಗಳ ಮೂಲಕ ಬಿಡುತ್ತಿದ್ದರು.

ಆಗ ತೋಡು ತಿಳಿಯಾಗುತ್ತಿತ್ತು. ತಿಳಿಯಾದರೆ ಚಾತಿ ಬಟ್ಟೆಗಂಟು ಹೊತ್ತು ತೋಡಿಗೆ ಇಳಿಯುತ್ತಿದ್ದಳು. ಉಳಿದ ದಿನಗಳಲ್ಲಿ ಅವಳ ಕೇರಿಯ ಹೆಂಗಸರು ನೀರಿಗಾಗಿ ಗುಡ್ಡದಾಚೆಯ ಕೊಲ್ಲಿಯ ಒರತೆಗೆ ನಡೆಯುತ್ತಿದ್ದರು. ಕೊಳದ ಏರಿಯ ಮೇಲೆ ನಿಂತರೆ ಅವಳು ಬಟ್ಟೆ ಒಗೆಯುವ ಬಂಡೆ ಚೆನ್ನಾಗಿ ಕಾಣುತ್ತಿತ್ತು. ಅವಳು ಒಮ್ಮೆಯಾದರೂ ತಲೆಯೆತ್ತಿ ನೋಡಿದವಳಲ್ಲ. ಆದರೂ ಸೀರೆ ಹಿಂಡುವಾಗ ಅವಳ ಎಡಭುಜ ತುಸು ಮೇಲೇಳುವುದನ್ನು ಕಂಡರೆ ಸಾಕು, ಮುಂದಿನ ತಪಾಸಣೆಯವರೆಗೆ ಕರಿಯನಿಗೆ ಅದೇ ಬುತ್ತಿ.

ಹಿಂದಿನ ವರ್ಷ, ಭೂಮಿ ಬೇಕೆಂದು ಆದಿವಾಸಿ ಜನ ಕಾಡಿನೊಳಗೆ ಗುಡಿಸಲು ಹಾಕಿ ಕೂತಾಗ, ಇವರಿಬ್ಬರದೂ ಅಲ್ಲೊಂದು ಗುಡಿಸಲಿತ್ತು. ಬಿದಿರು ಕಡಿದವನು ಇವನು, ಹುಲ್ಲು ಹೊದೆಸಿದವಳು ಅವಳು. ಕದವಿಲ್ಲದ ಆ ಗುಡಿಸಲಿನಲ್ಲಿ ಮಲಗಿದಷ್ಟು ಸುಖವಾಗಿ ಅವನು ಬದುಕಿನಲ್ಲಿ ಎಂದೂ ಮಲಗಿರಲಿಲ್ಲ. ಪೊಲೀಸರು ಬಂದು ಎಲ್ಲರನ್ನೂ ಎಬ್ಬಿಸಿದ ಮೇಲೆ ಉಳಿದದ್ದು ಕೋರ್ಟಿನ ಅಲೆದಾಟ ಮತ್ತು ಹಸಿವು. ಕ್ವಾರಿಯವರು ಕೆಲಸದ ಜೊತೆಗೆ ಇರಲು ಒಂದು ಶೆಡ್ಡನ್ನೂ ಕೊಡುತ್ತೇವೆಂದಾಗ ಕರಿಯನ್ ಹೂಂ ಅಂದುಬಿಟ್ಟ. ಚಾತಿ ಆ ಶೆಡ್ಡಿನ ಹೊಸಿಲು ದಾಟಲಿಲ್ಲ.

"ಮಣ್ಣು ಕೇಳಿ ಪೆಟ್ಟು ತಿಂದೋರು ನಾವು. ನಮ್ಮೋರು ಕುಡಿಯೋ ವೆಳ್ಳ ಕಲಕೋ ಪಣಿ ಬೇಕಾ ನಿಂಗೆ? ನೀರು ಕೆಡಿಸೋ ಕೆಲಸ ಮಾಡಿದ ಕೈಲಿ ತಂದ ಅಕ್ಕಿ ನಂಗೆ ಬ್ಯಾಡ" ಎಂದು ತವರಿಗೆ ಹೊರಟುಹೋದಳು.

ತವರೆಂದರೆ ದೂರವೇನಲ್ಲ, ಆ ತೋಡಿನ ದಂಡೆಯ ಕೇರಿಯೇ. ಗಟ್ಟಿಯಾಗಿ ಕೂಗಿದರೆ ಕೇಳಿಸುವಷ್ಟು ಹತ್ತಿರ. ಏನೆಂದು ಕೂಗುವುದು?

ಈ ಸಲ ಬಂದ ಅಧಿಕಾರಿ ಯಶೋದ ಎಂಬ ಹೆಂಗಸು. ಮೂರನೆಯ ಕೊಳದಿಂದ ಹೊರಬೀಳುವ ನೀರನ್ನು ಸೀಸೆಯಲ್ಲಿ ಹಿಡಿದು ಬಿಸಿಲಿಗೆ ಎತ್ತಿ ನೋಡಿದಳು. ಕಸವಿಲ್ಲ, ಕದಡಿಲ್ಲ. ನೀರು ಹೊರಹೋಗಲು ಬೇರೆ ದಾರಿ ಇದೆಯೇ ಎಂದು ಮಲಯಾಳದಲ್ಲಿ ಕೇಳಿದಾಗ, ರಾಘವನ್ ದೇವರ ಮುಂದೆ ನಿಂತವನಂತೆ ಕೈಮುಗಿದು ಇಲ್ಲವೇ ಇಲ್ಲ ಎಂದ. ಅಷ್ಟರಲ್ಲಿ ಕಾಲಿಗೆ ತೊಡರಿದ ನಾಯಿಯನ್ನು ಕರಿಯನ್ ಕನ್ನಡ ಬೆರೆತ ತನ್ನ ಮಾತಿನಲ್ಲಿ ಗದರಿಸಿದ. ಆ ಒಂದು ಮಾತಿನಲ್ಲೇ ಅವನ ಭಾಷೆಯನ್ನು ಹಿಡಿದು ಯಶೋದ ಇತ್ತ ತಿರುಗಿದಳು.

"ನಮ್ ಕಡೆಯೋರಾ ನೀವು? ಹೇಳಿ ಅಣ್ಣ, ಈ ನೀರು ದಿನಾ ಹಿಂಗೇ ಇರ್ತದಾ?"

ರಾಘವನ ಕಣ್ಣು ಕೆಂಡವಾಯಿತು. ಕರಿಯನ್ ಕೆಳಗೆ ನೋಡಿದ. ಚಾತಿ ಬಂಡೆಯ ಮೇಲಿದ್ದಳು. ಹೌದು ಎಂದರೆ ಕೆಲಸ ಉಳಿಯುತ್ತದೆ, ಶೆಡ್ಡು ಉಳಿಯುತ್ತದೆ, ಏರಿಯ ಮೇಲೆ ನಿಂತು ಅವಳನ್ನು ನೋಡುವ ಈ ಭಾಗ್ಯವೂ ಉಳಿಯುತ್ತದೆ. ಇಲ್ಲ ಎಂದರೆ ಅದೂ ಹೋಯಿತು. ಹೌದು ಎನ್ನಲೆಂದೇ ಅವನು ಬಾಯಿ ತೆರೆದ.

ಆಗ ಚಾತಿ ಒಗೆಯುತ್ತಿದ್ದ ಬಟ್ಟೆಯನ್ನು ಬದಿಗಿಟ್ಟು, ಬಾಗಿ, ಬೊಗಸೆಯಲ್ಲಿ ನೀರು ಎತ್ತಿ ಕುಡಿದಳು. ಇಷ್ಟು ಸಲ ಬಂದಿದ್ದರೂ ಎಂದೂ ಕುಡಿದವಳಲ್ಲ. ತೋಡು ಸರಿಹೋಯಿತೆಂದು ನಂಬಿಬಿಟ್ಟಳೇನೋ. ಜೀಪು ತಿರುವು ದಾಟಿದ ಕೂಡಲೇ ಪೈಪು ತೆರೆದು ಅವಳ ಬಾಯಿಗೆ ಬೂದುನೀರು ಬಿಡಬೇಕಾದವನು ತಾನೇ. ಕರಿಯನ್ ಅಧಿಕಾರಿಯ ಕಡೆ ತಿರುಗಿದ.

"ಇಲ್ಲ ಅಮ್ಮಾ. ನೀವು ಬರೋ ದಿನ ಮಾತ್ರ ಹಿಂಗೆ. ಬನ್ನಿ, ಪೈಪು ತೋರುಸ್ತೀನಿ" ಎಂದ.

ಯಶೋದ ಪೈಪಿಗೆ ಸೀಲು ಹಾಕಿಸಿ ಕ್ರಷರ್ ನಿಲ್ಲಿಸಿದಳು. ಜೀಪು ಹೊರಟ ಮರುಗಳಿಗೆಯಲ್ಲೇ ಕರಿಯನ ಚಾಪೆ, ಪಾತ್ರೆ ಶೆಡ್ಡಿನಿಂದ ಹೊರಗೆ ಬಿದ್ದವು. ರಾಘವನ್ ಬೈದ ಬೈಗುಳವನ್ನು ಬರೆಯದಿರುವುದೇ ಲೇಸು. ಕರಿಯನ್ ಎಲ್ಲವನ್ನೂ ಗಂಟು ಕಟ್ಟಿ ತಲೆಯ ಮೇಲೆ ಹೊತ್ತು ಕೆಳಗಿಳಿದ. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಹೊರಟಿದ್ದ, ಕಾಲುಗಳು ತೋಡಿಗೇ ತಂದವು.

ಚಾತಿ ಕೊನೆಯ ಸೀರೆಯನ್ನು ಜಾಲಿಸುತ್ತಿದ್ದಳು. ಕರಿಯನ್ ದಾಟಲೆಂದು ನೀರಿಗಿಳಿದ. ತಳದಲ್ಲಿ ವರ್ಷದಿಂದ ಕೂತಿದ್ದ ಕಲ್ಲುಪುಡಿ ಅವನ ಹೆಜ್ಜೆಗೆ ಎದ್ದು, ಬೆಳ್ಳಗೆ ಹರಡಿ, ಅವಳ ಸೀರೆಯವರೆಗೂ ಹೋಯಿತು.

"ಕಲಕಬ್ಯಾಡ!" ಎಂದಳು ಚಾತಿ. ಬಿಟ್ಟುಹೋದ ಮೇಲೆ ಅವಳಾಡಿದ ಮೊದಲ ಮಾತು ಅದು. ತಲೆಯೆತ್ತಿ ಅವನನ್ನೂ ಅವನ ಗಂಟನ್ನೂ ನೋಡಿದಳು. ಸದ್ದು ನಿಂತುಹೋದ ಕ್ವಾರಿಯ ಕಡೆಗೂ ಒಮ್ಮೆ ನೋಡಿದಳು. ಆಮೇಲೆ ದನಿ ತಗ್ಗಿಸಿ, "ತಿಳಿಯಾಗೋ ಗಂಟ ಅಲ್ಲೇ ನಿಂತ್ಕೊ" ಎಂದಳು.

ಕರಿಯನ್ ನಡುತೋಡಿನಲ್ಲಿ ಗಂಟು ಹೊತ್ತು ಅಲ್ಲಾಡದೆ ನಿಂತ. ಓಡಿಹೋಗಿ ಅವಳ ಕೈ ಹಿಡಿಯಬೇಕೆಂದು ಜೀವ ಬಡಿದುಕೊಳ್ಳುತ್ತಿತ್ತು. ಪುಡಿ ನಿಧಾನವಾಗಿ ತಳಕ್ಕೆ ಇಳಿಯತೊಡಗಿತು. ಚಾತಿಯ ಬಟ್ಟೆಯೆಲ್ಲ ಒಗೆದು ಮುಗಿದಿತ್ತು. ಆದರೂ ಅವಳು ಎದ್ದು ಹೋಗಲಿಲ್ಲ.