ಹದಿನಾಲ್ಕನೇ ಗುಂಡಿಯ ದಿಮ್ಮಸು

ನಾನು ಒಂದು ದಿಮ್ಮಸು. ಭಾರವಾದ ಕಬ್ಬಿಣದ ಚೌಕ ತಳ, ಎದೆಯೆತ್ತರದ ಕೊಳವೆ ಹಿಡಿಕೆ, ಇಷ್ಟೇ ನನ್ನ ಮೈ. ಎರಡು ಕೈಯಲ್ಲಿ ಎತ್ತಿ ಕುಟ್ಟಿದರೆ ಸಡಿಲವಾದ ಮಣ್ಣು, ಜಲ್ಲಿ, ಡಾಂಬರು ಎಲ್ಲ ಒಂದಾಗಿ ಗಟ್ಟಿಯಾಗಬೇಕು. ಅದಕ್ಕೆಂದೇ ನನ್ನನ್ನು ಮಾಡಿದ್ದು. ಈಗ ನಾನು ಎಲ್ಲಿದ್ದೇನೆ ಎಂದು ಯಾರಾದರೂ ಕೇಳಿದರೆ ಮೈಯೆಲ್ಲ ಉರಿಯುತ್ತದೆ. ಹಾಗಾಗಿ ಹುಟ್ಟಿನಿಂದಲೇ ಹೇಳಿಬಿಡುತ್ತೇನೆ.

ನಮ್ಮದು ಧಾರವಾಡ ಸೀಮೆಯ ಒಂದು ತಾಲ್ಲೂಕು ಊರು. ಅಲ್ಲಿಯ ಹಳೆಯ ಬಸ್ ನಿಲ್ದಾಣದ ಹಿಂದೆ ಇಮಾಮಸಾಬರ ವೆಲ್ಡಿಂಗ್ ಅಂಗಡಿ. ಬಿಚ್ಚಿಹಾಕಿದ ಸೇತುವೆಯೊಂದರ ಕಬ್ಬಿಣದ ಹಲಗೆಯನ್ನು ಕತ್ತರಿಸಿ ನನ್ನ ತಳ ಮಾಡಿದರು. ಮಾಡಿಸಿದವರು ದುರ್ಗಪ್ಪ ಮೇಸ್ತ್ರಿ, ಪುರಸಭೆಯ ರಸ್ತೆ ಕೆಲಸದ ತಂಡಕ್ಕೆ ಹಿರಿಯರು. ಅವರು ನನ್ನನ್ನು ಎತ್ತಿ ಅಂಗಡಿಯ ಕಲ್ಲುಚಪ್ಪಡಿಯ ಮೇಲೆ ಒಮ್ಮೆ ಬಿಟ್ಟರು. ಠಣ್ ಎಂದೆ. ಮೇಸ್ತ್ರಿ ತಲೆಯಾಡಿಸಿ ನನ್ನನ್ನು ಹೆಗಲಿಗೇರಿಸಿಕೊಂಡರು.

ದುರ್ಗಪ್ಪ ಮೇಸ್ತ್ರಿ ಗುಂಡಿ ಮುಚ್ಚುವುದನ್ನು ನೋಡಬೇಕಿತ್ತು. ಮೊದಲು ಗುಂಡಿಯ ಹರಿದ ಅಂಚನ್ನು ಪಿಕಾಸಿಯಿಂದ ಕಡಿದು ನೇರ ಚೌಕ ಮಾಡಿಸುವರು. ನೋಡುವವರು ಇರುವ ಗುಂಡಿಯನ್ನು ಇನ್ನೂ ದೊಡ್ಡದು ಮಾಡುತ್ತಾನಲ್ಲ ಎಂದು ನಗುವರು. ಆಮೇಲೆ ಒಳಗಿನ ದೂಳನ್ನೆಲ್ಲ ಗುಡಿಸಿಸಿ, ಹಸಿಯಿದ್ದರೆ ಒಣಗುವವರೆಗೆ ಕಾದು, ತಳಕ್ಕೂ ಬದಿಗೂ ಬಿಸಿ ಡಾಂಬರು ಚಿಮುಕಿಸಿ, ಜಲ್ಲಿಯ ಮಿಶ್ರಣ ತುಂಬಿಸುವರು. ಆಗ ನನ್ನ ಸರದಿ. ಅಂಚಿನಿಂದ ಶುರುಮಾಡಿ ನಡುವಿಗೆ ಕುಟ್ಟುತ್ತ ಬರಬೇಕು. ನಡುವಿನಿಂದ ಶುರುಮಾಡಿದರೆ ಅಂಚು ಬಾಯಿ ಬಿಡುತ್ತದೆ. ಎಲ್ಲ ಮುಗಿದು ಬಿಸಿ ಆರಿದ ಮೇಲೆ ಮೇಸ್ತ್ರಿ ಚಪ್ಪಲಿ ಬಿಟ್ಟು, ಹೊಸ ತೇಪೆಯ ಮೇಲೆ ಒಂದೇ ಹಿಮ್ಮಡಿಯಲ್ಲಿ ಮೈಭಾರವನ್ನೆಲ್ಲ ಊರಿ ನಿಲ್ಲುವರು. ಹಿಮ್ಮಡಿಯ ಗುರುತು ಮೂಡಿದರೆ ಮತ್ತೆ ಕುಟ್ಟು. ಮೂಡದಿದ್ದರೆ ಮಾತ್ರ ಮುಂದಿನ ಗುಂಡಿ. ತಂಡದಲ್ಲಿ ಅದೊಂದು ಪದ್ಧತಿ, ಮೀರಿದವರಿಗೆ ಮೇಸ್ತ್ರಿಯ ಬಾಯಿಂದ ಸಹಸ್ರನಾಮ.

ಅವರ ಸೊಸೆ ಫಕೀರವ್ವ. ಗಂಡ ತೀರಿಕೊಂಡ ಮೇಲೆ ಮಗಳು ರೇಣುಕಾಳನ್ನು ಸಾಕಲು ಮಾವನ ತಂಡಕ್ಕೆ ಸೇರಿದ್ದಳು. ಮೊದಲು ಬುಟ್ಟಿ ಹೊತ್ತಳು, ಆಮೇಲೆ ನನ್ನನ್ನು ಹಿಡಿದಳು. ನನ್ನನ್ನು ಹಿಡಿದವರಲ್ಲಿ ಅವಳಷ್ಟು ಚೆನ್ನಾಗಿ ಹಿಡಿದವರು ಇನ್ನೊಬ್ಬರಿಲ್ಲ. ಎತ್ತುವಾಗ ಮಾತ್ರ ಬಲ ಹಾಕುವಳು, ಬೀಳುವಾಗ ಬಿಟ್ಟುಬಿಡುವಳು. ಮತ್ತೆ ಕಿವಿಗೊಟ್ಟು ಕೇಳುವಳು. ನೆಲ ಗಟ್ಟಿಯಿದ್ದರೆ ನನ್ನ ದನಿ ಒಂದು ಥರ, ಒಳಗೆ ಪೊಳ್ಳಿದ್ದರೆ ಇನ್ನೊಂದು ಥರ. ಅಂಗಡಿಯಲ್ಲಿ ತೆಂಗಿನಕಾಯಿ ತಟ್ಟಿ ನೋಡುವುದಿಲ್ಲವೇ, ಹಾಗೆ. ಕಿವಿಗಿಂತ ಮೊದಲೇ ಅವಳ ಮಣಿಕಟ್ಟಿಗೆ ಅದು ತಿಳಿಯುತ್ತಿತ್ತು. ನಾವಿಬ್ಬರೂ ಸೇರಿ ಮುಚ್ಚಿದ ಗುಂಡಿಗಳು ಈಗಲೂ ಊರಲ್ಲಿ ಹಾಗೇ ಇವೆ. ಸುತ್ತಲಿನ ರಸ್ತೆ ಕಿತ್ತುಹೋಗಿದೆ, ನಮ್ಮ ತೇಪೆ ಮಾತ್ರ ಉಳಿದಿದೆ.

ಇಂಥ ತಂಡವನ್ನು ಪುರಸಭೆ ಒಂದು ದಿನ ಬೇಡವೆಂದಿತು. ಇನ್ನು ಮೇಲೆ ಗುಂಡಿ ಮುಚ್ಚುವುದೂ ಟೆಂಡರ್ ಮೇಲೆ ಎಂದರು. ದುರ್ಗಪ್ಪ ಮೇಸ್ತ್ರಿ ಮನೆಗೆ ಹೋಗಿ ಕೂತರು, ಅದೇ ಕೊರಗಿನಲ್ಲಿ ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಹೋಗಿಬಿಟ್ಟರು. ನಾನು, ಬುಟ್ಟಿಗಳು, ಡಾಂಬರು ಕಾಯಿಸುವ ಒಲೆ, ಫಕೀರವ್ವ, ಎಲ್ಲರೂ ಗುತ್ತಿಗೆದಾರ ಮಹಾಂತೇಶ ಕೋರಿಯ ಪಾಲಾದೆವು.

ಕೋರಿ ಕೆಟ್ಟ ಮನುಷ್ಯನಲ್ಲ ಎಂದು ಊರಲ್ಲಿ ಕೆಲವರು ಹೇಳುತ್ತಾರೆ. ನಾನು ಕೆಳಗಿನಿಂದ ನೋಡಿದವನು, ನನ್ನನ್ನು ಕೇಳಿ. ಅವನ ಹೊಳೆಯುವ ಬೂಟು ಒಮ್ಮೆಯೂ ಗುಂಡಿಯ ಹತ್ತಿರ ಬಂದದ್ದಿಲ್ಲ. ಅವನ ಪದ್ಧತಿಯೇ ಬೇರೆ. ಪ್ರತಿ ಗುಂಡಿಯ ಪಕ್ಕ ಬಿಳಿ ಬಣ್ಣದಲ್ಲಿ ಒಂದು ನಂಬರು ಬರೆಸುವುದು, ಮುಚ್ಚುವ ಮೊದಲು ಒಂದು ಫೋಟೊ, ಮುಚ್ಚಿದ ಕೂಡಲೇ ಇನ್ನೊಂದು ಫೋಟೊ. ಬಿಸಿ ಆರುವ ಮುಂಚೆ ತೆಗೆದರೆ ಕರ್ರಗೆ ಮಿರುಗುವ ಫೋಟೊ ಬರುತ್ತದೆ. ಫೋಟೊ ಕಚೇರಿಗೆ ಹೋಯಿತೆಂದರೆ ಗುಂಡಿ ಮುಚ್ಚಿದ ಹಾಗೆ. ಅಂಚು ಕಡಿಯುವುದು, ಗುಡಿಸುವುದು, ಒಣಗಿಸುವುದು ಎಲ್ಲ ವೇಳೆ ದಂಡ. ಹಿಮ್ಮಡಿಯ ಮಾತೆತ್ತಿದರೆ ನಗುತ್ತಿದ್ದ. ಮೇಲೆ ಥಳಕು, ಒಳಗೆ ಹುಳುಕು ಎನ್ನುವ ಗಾದೆ ಮಾಡಿದವರು ಇವನ ತೇಪೆಯನ್ನು ಕಂಡೇ ಮಾಡಿರಬೇಕು.

ಹದಿನಾಲ್ಕನೇ ನಂಬರಿನ ಗುಂಡಿ ಇದ್ದದ್ದು ಸರ್ಕಾರಿ ಆಸ್ಪತ್ರೆಯ ಗೇಟಿನ ತಿರುವಿನಲ್ಲಿ. ಒಂದೇ ವರ್ಷದಲ್ಲಿ ಅದನ್ನು ನಾಲ್ಕು ಸಲ ಮುಚ್ಚಿದ್ದೆವು, ನಾಲ್ಕು ಸಲವೂ ಕುಸಿದಿತ್ತು. ಐದನೆಯ ಸಲ ಮುಚ್ಚಲು ಹೋದದ್ದು ಮಳೆಗಾಲದ ಒಂದು ಬೆಳಿಗ್ಗೆ. ಮರುದಿನ ಆಸ್ಪತ್ರೆಯ ಹೊಸ ಕಟ್ಟಡದ ಉದ್ಘಾಟನೆಗೆ ದೊಡ್ಡವರೊಬ್ಬರು ಬರುವವರಿದ್ದರು. ಗುಂಡಿಯಲ್ಲಿ ನೀರು ನಿಂತಿತ್ತು. ಅದರ ಮೇಲೆಯೇ ಮಿಶ್ರಣ ಸುರಿಸಿದರು. ಫಕೀರವ್ವ ನನ್ನನ್ನು ಎತ್ತಿ ಬಿಟ್ಟಳು. ಡಬ್ ಎಂದೆ. ಇನ್ನೊಮ್ಮೆ ಬಿಟ್ಟಳು, ಮತ್ತೆ ಡಬ್. ಅವಳು ನನ್ನನ್ನು ನಿಲ್ಲಿಸಿ ಬಾಗಿ ಕಿವಿಗೊಟ್ಟಳು. ಕೆಳಗೆಲ್ಲೋ ನೀರು ಹರಿಯುವ ಸದ್ದು ಕೇಳುತ್ತಿತ್ತು. ಕುಡಿಯುವ ನೀರಿನ ಪೈಪು ಒಡೆದು ಕೆಳಗಿನ ಮಣ್ಣನ್ನು ತೊಳೆದುಕೊಂಡು ಹೋಗುತ್ತಿದೆ ಎಂದು ನನಗೆ ಗೊತ್ತಾಯಿತು, ಅವಳಿಗೂ ಗೊತ್ತಾಯಿತು.

"ಸಾಹೇಬ್ರ, ಇದು ತಗ್ಗಿನ ರೋಗ ಅಲ್ರಿ. ಒಳಗ ಪೈಪು ಒಡದೈತಿ, ಪೂರಾ ಪೊಳ್ಳ ಆಗೈತಿ," ಎಂದಳು. "ಅಗದು ಪೈಪು ರಿಪೇರಿ ಮಾಡಿಸದ ಎಷ್ಟ ಮುಚ್ಚಿದ್ರೂ ನಿಂದ್ರಂಗಿಲ್ರಿ."

ಕೋರಿ ಫೋನಿನಿಂದ ತಲೆ ಎತ್ತಲಿಲ್ಲ. "ನಿನಗ ಪಗಾರ ಕೊಡೂದು ಹೊಡ್ಯಾಕ ಫಕೀರವ್ವ. ಕೇಳಾಕ ಅಲ್ಲ," ಎಂದ.

ಪೈಪು ನೀರಿನವರದು, ರಸ್ತೆ ತನ್ನದು, ಅವರ ಉಸಾಬರಿ ತನಗೇಕೆ ಎಂದೂ ಹೇಳಿದ. ಹೊಡೆಯಲು ಆಗದಿದ್ದರೆ ನಾಳೆಯಿಂದ ಬರುವುದು ಬೇಡವೆಂದ. ಫಕೀರವ್ವನ ಮಗಳು ರೇಣುಕಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು, ಒಂಬತ್ತು ತುಂಬಿತ್ತು. ಬಾಣಂತನ ಮಾಡಬೇಕು, ಈ ಕೂಲಿ ಬಿಟ್ಟರೆ ಮನೆಗೆ ಬೇರೆ ದಾರಿಯಿಲ್ಲ. ಫಕೀರವ್ವ ಮತ್ತೆ ಕುಟ್ಟಲು ಶುರುಮಾಡಿದಳು. ಒಂದೊಂದು ಪೆಟ್ಟಿಗೂ ಪೊಳ್ಳು ಪೊಳ್ಳು ಎಂದು ನಾನು ಕೂಗಿದೆ. ಕಬ್ಬಿಣದ ಕೂಗು ಯಾರಿಗೆ ಬೇಕು? ಫೋಟೊ ತೆಗೆದರು. ಅಂದು ಫಕೀರವ್ವ ಚಪ್ಪಲಿ ಬಿಡಲಿಲ್ಲ, ಹಿಮ್ಮಡಿ ಊರಿ ನೋಡಲಿಲ್ಲ.

ಮರುದಿನ ದೊಡ್ಡವರ ಕಾರುಗಳು ಅದರ ಮೇಲೆ ಸುಯ್ಯೆಂದು ಹೋಗಿ ಸುಯ್ಯೆಂದು ಬಂದವು. ಅವರ ಪುಣ್ಯವೋ ನಮ್ಮ ಪಾಪವೋ, ಅವರಿಗೇನೂ ಆಗಲಿಲ್ಲ. ಅದರ ಮರುದಿನ ಬೆಳಿಗ್ಗೆ ರೇಣುಕಾಗೆ ನೋವು ಶುರುವಾಯಿತು. ಫಕೀರವ್ವ ಆಟೊ ತರಿಸಿ ಮಗಳನ್ನು ಮಡಿಲಿಗೆ ಒರಗಿಸಿಕೊಂಡು ಕೂತಳು. ಆಸ್ಪತ್ರೆಯ ತಿರುವಿಗೆ ಬಂದಾಗ ನಿಧಾನ ಹೋಗು, ಬದಿಗೆ ತಗೋ ಎಂದು ಹೇಳಿದಳಂತೆ. ಆಟೊದವನು, ಏನು ಅವ್ವಾ, ನಿನ್ನೆ ಮೊನ್ನೆ ಹಾಕಿದ ರಸ್ತೆ ಕಾಣುವುದಿಲ್ಲವೇ ಎಂದನಂತೆ. ಅವನದೇನು ತಪ್ಪು? ಕರ್ರಗೆ ಮಿರುಗುತ್ತಿದ್ದದ್ದನ್ನು ನಂಬಿದ. ಮುಂದಿನ ಚಕ್ರ ತೇಪೆಯೊಳಗೆ ಇಳಿದುಹೋಗಿ ಆಟೊ ಪಕ್ಕಕ್ಕೆ ಮಗುಚಿತು.

ನಾನು ಆಗ ಗೇಟಿನಾಚೆ ಗುತ್ತಿಗೆದಾರನ ತಗಡಿನ ಶೆಡ್ಡಿಗೆ ಒರಗಿದ್ದೆ. ಜನ ಓಡಿದ್ದನ್ನು ಕಂಡೆ, ಆಟೊ ಎತ್ತಿದ್ದನ್ನು ಕಂಡೆ. ಫಕೀರವ್ವನ ಹಣೆಯಿಂದ ರಕ್ತ ಸುರಿಯುತ್ತಿತ್ತು, ಅವಳು ಅದನ್ನು ಒರೆಸಿಕೊಳ್ಳಲೂ ಇಲ್ಲ. ರೇಣುಕಾಳನ್ನು ನಾಲ್ಕು ಜನ ಸೇರಿ ಒಳಗೆ ಒಯ್ದರು. ಮಗು ಉಳಿಯಿತು, ಹೆಣ್ಣುಮಗು. ತಾಯಿಯೂ ಉಳಿದಳು. ಆದರೆ ಆಟೊದ ಸರಳಿನಡಿ ಸಿಕ್ಕ ಬಲಗೈಯ ಮೂಳೆ ನೆಟ್ಟಗೆ ಕೂಡಿಕೊಳ್ಳಲೇ ಇಲ್ಲ. ಇವತ್ತಿಗೂ ರೇಣುಕಾ ತುಂಬಿದ ಕೊಡ ಎತ್ತಲಾರಳು, ತನ್ನ ಮಗುವನ್ನು ಎಡಗೈಯಲ್ಲೇ ಎತ್ತಿಕೊಳ್ಳುತ್ತಾಳೆ.

ಮೂರನೆಯ ದಿನ ಫಕೀರವ್ವ ಶೆಡ್ಡಿಗೆ ಬಂದಳು, ಹಣೆಗೆ ಪಟ್ಟಿ ಇತ್ತು. ಯಾರನ್ನೂ ಕೇಳದೆ ನನ್ನನ್ನು ಹೊತ್ತುಕೊಂಡು ಹೋಗಿ ಹದಿನಾಲ್ಕನೇ ಗುಂಡಿಯ ನಟ್ಟನಡುವೆ ನೆಟ್ಟಗೆ ನಿಲ್ಲಿಸಿದಳು. ಸುತ್ತ ಕಲ್ಲು ಜಡಿದಳು. ತನ್ನ ಹಳೆಯ ಕೆಂಪು ಕುಬಸವನ್ನು ಹರಿದು ಹಿಡಿಕೆಯ ತುದಿಗೆ ಕಟ್ಟಿದಳು. ಕೋರಿ ಓಡಿಬಂದು, ಸರ್ಕಾರಿ ಕೆಲಸದ ಸಾಮಾನು ಕಿತ್ತು ಕೊಡು ಎಂದು ಜಬರಿಸಿದ.

"ಇದರ ಮ್ಯಾಲ ಹೊಡದಾಕಿ ನಾನ," ಎಂದಳು ಫಕೀರವ್ವ. "ಪೊಳ್ಳ ಐತಂತ ಗೊತ್ತಿದ್ದೂ ಹೊಡದೆ. ನನ್ನ ಮಗಳ ಕೈ ನಾನ ಮುರದಂಗಾತು. ಈಗ ನೀವ ಇಳದು ಕೀಳ್ರಿ, ಬೂಟ ಬಿಟ್ಟು."

ಸುತ್ತ ಜನ ಸೇರಿದ್ದರು. ಕೋರಿ ಇಳಿಯಲಿಲ್ಲ. ಫಕೀರವ್ವನ ಕೂಲಿ ಮಾತ್ರ ಅಂದೇ ತಪ್ಪಿತು. ಈಗ ಅವಳು ಕಲ್ಯಾಣಮಂಟಪವೊಂದರಲ್ಲಿ ಪಾತ್ರೆ ತಿಕ್ಕುತ್ತಾಳೆ. ನೆಲದ ದನಿ ಬಲ್ಲ ಆ ಕೈಗಳು ಪಾತ್ರೆ ತಿಕ್ಕುತ್ತಿವೆ, ನೆಲದ ಗಂಧವಿಲ್ಲದವನು ಊರಿನ ಗುಂಡಿ ಮುಚ್ಚುತ್ತಿದ್ದಾನೆ. ಇದನ್ನು ನೆನೆದರೆ ನನ್ನ ತುಕ್ಕು ಕೂಡ ಬಿಸಿಯಾಗುತ್ತದೆ.

ಆಮೇಲಾದರೂ ಗುಂಡಿ ಸರಿಯಾಗಿರಬೇಕು ಎಂದುಕೊಂಡಿರಾ? ಇಗೋ ಕೇಳಿ. ಕಚೇರಿಯ ಕಡತದಲ್ಲಿ ಹದಿನಾಲ್ಕನೇ ಗುಂಡಿ ಮುಚ್ಚಿಯಾಗಿದೆ, ಫೋಟೊ ಇದೆ. ಮುಚ್ಚಿದ ಗುಂಡಿಯನ್ನು ಮತ್ತೆ ಮುಚ್ಚಲು ಬರುವುದಿಲ್ಲವಂತೆ. ಪೈಪಿನವರನ್ನು ಕೇಳಿದರೆ, ಅದು ಹೊಸದಾಗಿ ರಿಪೇರಿಯಾದ ರಸ್ತೆ, ಮೂರು ವರ್ಷ ಅಗೆಯುವ ಹಾಗಿಲ್ಲ ಎನ್ನುತ್ತಾರೆ. ಎಂಜಿನಿಯರೊಬ್ಬರು ಬಂದು ನನ್ನನ್ನು ಸುತ್ತಿ ನೋಡಿ, ಹೋಗುವಾಗ ಎಡವಿ, ನನ್ನನ್ನೇ ಬೈದು ಹೋದರು. ನನ್ನ ಕಾಲಡಿ ನೀರು ಹರಿಯುತ್ತಲೇ ಇದೆ. ಅರ್ಧ ಊರಿಗೆ ನೀರು ಮೂರು ದಿನಕ್ಕೊಮ್ಮೆ, ನನಗೆ ಮಾತ್ರ ಹಗಲೂ ರಾತ್ರಿ.

ಇದಕ್ಕಿಂತ ಹೊಟ್ಟೆ ಉರಿಸುವ ಸಂಗತಿ ಇನ್ನೊಂದಿದೆ. ಜನ ನನಗೆ ಕುಂಕುಮ ಹಚ್ಚತೊಡಗಿದ್ದಾರೆ. ಯಾವನೋ ಲಾರಿ ಡ್ರೈವರ್ ನನ್ನನ್ನು ಕಂಡು ಬ್ರೇಕು ಹಾಕಿ ಬದುಕಿಕೊಂಡನಂತೆ, ಮರುದಿನ ಒಂದು ನಿಂಬೆಹಣ್ಣು ತಂದಿಟ್ಟ. ಅಲ್ಲಿಂದ ಶುರುವಾಯಿತು. ಆಯುಧಪೂಜೆಯ ದಿನವಂತೂ ಚೆಂಡುಹೂವಿನ ಮಾಲೆ, ಊದುಬತ್ತಿ, ಒಡೆದ ಕುಂಬಳಕಾಯಿ. ಆಸ್ಪತ್ರೆಗೆ ಬರುವ ಬಸುರಿಯರು ಆಟೊ ನಿಲ್ಲಿಸಿ ನನಗೆ ಕೈಮುಗಿಯುತ್ತಾರೆ. ಅಯ್ಯೋ ತಾಯಂದಿರೇ, ನನಗೆ ಮುಗಿಯುವ ಕೈಯನ್ನು ಕಚೇರಿಯ ಮೇಜಿನ ಮೇಲೆ ಒಮ್ಮೆ ಕುಟ್ಟಿದ್ದರೆ ಸಾಕಿತ್ತಲ್ಲ. ನಾನು ದೇವರಲ್ಲ. ಕೆಲಸ ತಪ್ಪಿದ ಒಂದು ದಿಮ್ಮಸು.

ಈ ಸಲದ ಆಯುಧಪೂಜೆಯ ಸಂಜೆ ಫಕೀರವ್ವ ಬಂದಳು. ಅವಳ ಬೆರಳು ಹಿಡಿದು ಮೊಮ್ಮಗಳು ನಡೆದುಕೊಂಡು ಬಂದಳು. ಹೌದು, ಆ ಮಗು ನಡೆಯಲು ಕಲಿತಿದೆ, ಈ ಪೈಪು ಇನ್ನೂ ರಿಪೇರಿಯಾಗಿಲ್ಲ. ಫಕೀರವ್ವ ಕುಂಕುಮ ತಂದಿರಲಿಲ್ಲ. ಇದ್ದ ಮಾಲೆಯನ್ನು ತೆಗೆದು ಬದಿಗಿಟ್ಟಳು, ನನ್ನ ಮೇಲಿನ ಕುಂಕುಮವನ್ನು ಸೆರಗಿನಿಂದ ಒರೆಸಿದಳು. ಮಗುವನ್ನು ದೂರ ಪಾದಚಾರಿ ಕಟ್ಟೆಯ ಮೇಲೆ ನಿಲ್ಲಿಸಿ, ತಾನು ಚಪ್ಪಲಿ ಬಿಟ್ಟು ಗುಂಡಿಗಿಳಿದಳು. ಎರಡು ಕೈಯಿಂದ ನನ್ನ ಹಿಡಿಕೆ ಹಿಡಿದಳು. ಆ ಕೈಯನ್ನು ನಾನು ಮರೆತಿರಲಿಲ್ಲ. ಕಲ್ಲುಗಳ ನಡುವಿನಿಂದ ಒಂದು ಗೇಣು ಎತ್ತಿ, ಕೈಬಿಟ್ಟಳು.

ಡಬ್ ಎಂದೆ. ಸುಳ್ಳು ಹೇಳಲು ನನಗೆ ಬರುವುದಿಲ್ಲ.

ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಆಮೇಲೆ ಕಲ್ಲುಗಳನ್ನು ಮತ್ತೆ ಒತ್ತೊತ್ತಾಗಿ ಜಡಿದು, ಬಣ್ಣ ಮಾಸಿದ ಬಟ್ಟೆಯನ್ನು ಬಿಚ್ಚಿ, ಮೊಮ್ಮಗಳಿಗೆ ಈಗ ಚಿಕ್ಕದಾದ ಕೆಂಪು ಅಂಗಿಯೊಂದನ್ನು ನನಗೆ ಬಿಗಿಯಾಗಿ ಕಟ್ಟಿ ಹೋದಳು.