ಓವನ್ ಮೇಲೆ ಬಂದ ಅಪವಾದ

ಬೇಕರಿ ಅಕ್ಕನ ಓವನ್ ಕೆಟ್ಟಿದೆ ಎಂಬ ಸುದ್ದಿ ಬೀದಿಗೆಲ್ಲ ಗೊತ್ತಿತ್ತು. ಎಲ್ಲಿಂದಲೋ ಕಾವು ಸೋರುತ್ತಿದೆ ಎಂದು ಆಕೆಯ ಹಟ. ಇದ್ದಕ್ಕಿದ್ದಂತೆ ಎದೆಯಿಂದ ಮುಖದವರೆಗೆ ಬಿಸಿ ಏರಿ, ಬಟ್ಟೆಯೆಲ್ಲ ಬೆವರಲ್ಲಿ ತೊಯ್ದುಹೋಗುತ್ತಿತ್ತು. ರಿಪೇರಿಯವನು ಬಾಗಿಲಿನ ರಬ್ಬರ್ ಬದಲಿಸಿದ, ಗ್ಯಾಸಿನ ಪೈಪು ಬದಲಿಸಿದ. ಕಡೆಗೆ, "ಅಕ್ಕಾ, ಓವನ್ ಹೊಸ ಮದುಮಗಳ ಹಾಗಿದೆ, ನನ್ನ ಬಿಟ್ಬಿಡಿ" ಎಂದು ಕೈಮುಗಿದ.

ನಿದ್ದೆ ದೂರವಾಗಿತ್ತು. ಮುಟ್ಟು ಮನಸ್ಸು ಬಂದಾಗ ಬರುತ್ತಿತ್ತು. ಒಂದು ದಿನ ಹಿಟ್ಟಿಗೆ ಉಪ್ಪು ಹಾಕಲು ಮರೆತು ಬ್ರೆಡ್ಡೆಲ್ಲ ಸಪ್ಪೆಯಾಯಿತು. ಗಂಡ ತಮಾಷೆ ಮಾಡಿದ್ದಕ್ಕೆ ಲಟ್ಟಣಿಗೆ ಬಿಸಾಡಿ ಅತ್ತಳು.

"ಓವನ್ ಮಾರಿಬಿಡೋಣ ಕಣ್ರೀ. ನನ್ನ ಕಾಲ ಮುಗೀತು."

ತಾನೇ ಬೆಳೆಸಿದ ಅಂಗಡಿ. ಹೇಳುತ್ತಲೇ ಓವನ್ ಬಾಗಿಲನ್ನು ಸೆರಗಿನಿಂದ ಒರೆಸಿದಳು. ಕೊಳ್ಳುವವನು ಸೋಮವಾರ ಬರುವವನಿದ್ದ.

ಭಾನುವಾರ ಬೇಕರಿಗೆ ರಜೆ. ನರ್ಸ್ ಕೆಲಸದ ನಾದಿನಿ ಬಂದಳು. ಓವನ್ ಮುಂದೆ ನಿಂತು ಮಾತಾಡುತ್ತಿರುವಾಗಲೇ ಅಕ್ಕನ ಮುಖ ಕೆಂಪೇರಿತು.

"ನೋಡು, ಶುರುವಾಯ್ತು ಇದರ ಕಾಟ!" ಎಂದು ತಟ್ಟೆಯಲ್ಲಿ ಗಾಳಿ ಬೀಸಿಕೊಂಡಳು.

ನಾದಿನಿ ಓವನ್ ಬಾಗಿಲು ತೆರೆದು ತಲೆಯನ್ನೇ ಒಳಗೆ ತೂರಿಸಿದಳು. "ಅತ್ತಿಗೆ, ಇವತ್ತು ಇದನ್ನ ಹಚ್ಚೇ ಇಲ್ವಲ್ಲ! ಒಳಗೆ ಬೆಕ್ಕು ಮಲಗಬಹುದು."

ಅಕ್ಕ ಮುಟ್ಟಿ ನೋಡಿದಳು. ತಣ್ಣಗಿತ್ತು.

"ಹಾಗಾದ್ರೆ ಈ ಕಾವು?"

"ನಿಮ್ಮದೇ! ನಲವತ್ತೆಂಟಾಯ್ತಲ್ಲ? ಅಂಡಾಶಯ ನಿಧಾನಕ್ಕೆ ಕೆಲಸ ಕಮ್ಮಿ ಮಾಡುತ್ತೆ. ಅದು ಕೊಡೋ ಹಾರ್ಮೋನು ಏರುತ್ತೆ, ಇಳಿಯುತ್ತೆ. ಅದಕ್ಕೇ ಮೈಬಿಸಿ, ಮರೆವು, ಸಿಟ್ಟು. ಮುಟ್ಟು ನಿಲ್ಲೋ ಕಾಲ ಇದು, ರೋಗ ಅಲ್ಲ."

"ನಮ್ಮಮ್ಮ ಏನೂ ಹೇಳ್ಲೇ ಇಲ್ವಲ್ಲೇ."

"ಅವರಿಗೆ ಯಾರು ಹೇಳಿದ್ರು ಪಾಪ?"

ಟ್ರೇ ತೊಳೆಯುತ್ತಿದ್ದ ಗಂಡ ಹತ್ತಿರ ಬಂದ. "ಹಾಗಂತ ಸಹಿಸ್ಕೊಂಡೇ ಇರಬೇಕಾ?"

"ಬೇಡಣ್ಣ. ಡಾಕ್ಟರ ಹತ್ರ ಕರ್ಕೊಂಡು ಹೋಗು. ಔಷಧಿ ಇದೆ, ಯಾರಿಗೆ ಯಾವುದು ಹೊಂದುತ್ತೆ ಅಂತ ಅವರೇ ನೋಡಿ ಕೊಡ್ತಾರೆ. ಅತ್ತಿಗೆ ದಿನಾ ಒಂದಷ್ಟು ದೂರ ನಡೀಲಿ. ಮೂಳೆಗೆ ಹಾಲು, ಸೊಪ್ಪು ಬೇಕು. ಮತ್ತೆ ಕೇಳು, ಮುಟ್ಟು ನಿಂತು ಪೂರ್ತಿ ಒಂದು ವರ್ಷ ಆಗೋವರೆಗೂ ಬಸಿರಾಗಬಹುದು. ಜೋಪಾನ!"

ಗಂಡ ಸರ್ರನೆ ಟ್ರೇ ಕಡೆಗೆ ತಿರುಗಿದ. ಅಕ್ಕ ಎಷ್ಟೋ ದಿನದ ಮೇಲೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು.

ಸೋಮವಾರ ಬಂದವನಿಗೆ ಗಂಡನೇ, "ಓವನ್ ಚೆನ್ನಾಗಿದೆ ಸ್ವಾಮಿ, ಮಾರಲ್ಲ" ಎಂದು ಬಿಸಿ ಬನ್ನು ಕೊಟ್ಟು ಕಳಿಸಿದ. ಆಮೇಲೆ ಇಬ್ಬರೂ ಡಾಕ್ಟರ ಬಳಿ ಹೋದರು. ಔಷಧಿಯಿಂದ ನಿದ್ದೆ ಮರಳಿತು. ಉಪ್ಪು ಅಳೆದಿಡುವ ಕೆಲಸ ಈಗ ಗಂಡನದು.

ಮೊನ್ನೆ ಬ್ರೆಡ್ಡು ಕೊಳ್ಳಲು ಬಂದ ಟೈಲರಮ್ಮ ಸೆರಗಿನಲ್ಲಿ ಗಾಳಿ ಬೀಸಿಕೊಳ್ಳುತ್ತ, "ಅಬ್ಬಬ್ಬಾ, ಏನು ಬಿಸಿ ನಿಮ್ಮ ಓವನ್ನು!" ಎಂದಳು.

ಅಕ್ಕ ನಗುತ್ತ ಸ್ಟೂಲ್ ಎಳೆದು ಹಾಕಿದಳು. "ಅದನ್ನ ಆರಿಸಿ ಎಷ್ಟೋ ಹೊತ್ತಾಯ್ತು. ಬನ್ನಿ, ಕೂತ್ಕೊಳ್ಳಿ. ನಿಮಗೊಂದು ವಿಷಯ ಹೇಳಬೇಕು."

ಅಕ್ಕಂದಿರೇ, ನಿಮಗೂ ಹೀಗಾಗುತ್ತಿದ್ದರೆ ನುಂಗಿಕೊಂಡು ಕೂರಬೇಡಿ, ಬಾಯಿಬಿಟ್ಟು ಹೇಳಿ. ರಕ್ತಸ್ರಾವ ವಿಪರೀತವಾದರೆ, ಅಥವಾ ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ಕಂಡರೂ, ತಡಮಾಡದೆ ಡಾಕ್ಟರಿಗೆ ತೋರಿಸಿ. ಅಣ್ಣಂದಿರೇ, ನೀವೂ ಜೊತೆಗೆ ಹೋಗಿ.